ಹಳೆಯ ಪೋರ್ಷೆ ಕಾರುಗಳ ಐ.ಎಂ.ಎಸ್. ಬೇರಿಂಗ್: ದೋಷದ ಸ್ವರೂಪ ಮತ್ತು ಮುನ್ನೆಚ್ಚರಿಕೆ

ಬಳಸಿದ ವಾಹನಗಳ ವ್ಯಾಪಾರದಲ್ಲಿ ಬೆಲೆಯನ್ನು ನಿರ್ಧರಿಸುವ ಅಂಶಗಳು ಸಾಮಾನ್ಯವಾಗಿ ಮೂರು: ವಾಹನದ ವಯಸ್ಸು, ಓಡಿದ ದೂರ ಮತ್ತು ಹೊರಮೈಯ ಸ್ಥಿತಿ. ಆದರೆ ಅಮೆರಿಕ ಹಾಗೂ ಯುರೋಪಿನ ಮಾರುಕಟ್ಟೆಗಳಲ್ಲಿ 1997ರಿಂದ 2008ರವರೆಗಿನ ಪೋರ್ಷೆ ಬಾಕ್‌ಸ್ಟರ್ ಮತ್ತು 911 ಕಾರುಗಳು ಮಾರಾಟಕ್ಕೆ ಬಂದಾಗ ಈ ಮೂರನ್ನೂ ಹಿಂದಿಕ್ಕಿ ಮತ್ತೊಂದು ಪ್ರಶ್ನೆ ಮೊದಲು ಕೇಳಿಬರುತ್ತದೆ: ಐ.ಎಂ.ಎಸ್. ಬೇರಿಂಗ್ ಬದಲಾಯಿಸಲಾಗಿದೆಯೇ? ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ಬಿಡಿಭಾಗವು ಕೆಟ್ಟಲ್ಲಿ ಇಡೀ ಎಂಜಿನ್ನೇ ನಿರುಪಯುಕ್ತವಾಗುವ ಸಂಭವವಿದೆ. ಎಂಜಿನ್ನಿನ ದುರಸ್ತಿಗೆ ತಗಲುವ ವೆಚ್ಚ ಕೆಲವೊಮ್ಮೆ ಕಾರಿನ ಮಾರುಕಟ್ಟೆ ಬೆಲೆಯನ್ನೇ ಮೀರುತ್ತದೆ. ಹೀಗಾಗಿ ಇದು ಕೇವಲ ಮೆಕ್ಯಾನಿಕ್‌ಗಳ ವಿಷಯವಾಗಿ ಉಳಿಯದೆ ಕೊಳ್ಳುವವರ, ಮಾರುವವರ ಮತ್ತು ಬಿಡಿಭಾಗ ತಯಾರಕರ ಲೆಕ್ಕಾಚಾರದ ವಿಷಯವೂ ಆಗಿದೆ.

ಇದರ ಹಿನ್ನೆಲೆ ವಾಣಿಜ್ಯದೃಷ್ಟಿಯಿಂದ ಸ್ವಾರಸ್ಯಕರವಾದುದು. 1990ರ ದಶಕದ ಆರಂಭದಲ್ಲಿ ಪೋರ್ಷೆ ಸಂಸ್ಥೆ ತೀವ್ರ ಆರ್ಥಿಕ ಸಂಕಷ್ಟದಲ್ಲಿತ್ತು. ವೆಂಡೆಲಿನ್ ವೀಡೆಕಿಂಗ್ ಅವರು ಚುಕ್ಕಾಣಿ ಹಿಡಿದ ಮೇಲೆ ಜಪಾನಿನ ಉತ್ಪಾದನಾ ತಜ್ಞರನ್ನು ಕರೆಸಿ ಕಾರ್ಖಾನೆಯ ಕಾರ್ಯವಿಧಾನವನ್ನೇ ಬದಲಾಯಿಸಲಾಯಿತು. 1996ರಲ್ಲಿ ಬಾಕ್‌ಸ್ಟರ್ ಕಾರೂ 1997ರಲ್ಲಿ 996 ಎಂಬ ಸಂಕೇತನಾಮದ ಹೊಸ 911 ಕಾರೂ ಬಿಡುಗಡೆಯಾದವು. ವೆಚ್ಚ ತಗ್ಗಿಸುವ ಸಲುವಾಗಿ ಎರಡೂ ಕಾರುಗಳು ಅನೇಕ ಬಿಡಿಭಾಗಗಳನ್ನು ಹಂಚಿಕೊಂಡವು. ಎಂ-96 ಎಂಬ ನೀರಿನಿಂದ ತಂಪಾಗುವ ಆರು ಸಿಲಿಂಡರುಗಳ ಎಂಜಿನ್ ಕುಟುಂಬವೂ ಇವುಗಳಲ್ಲಿ ಸೇರಿತ್ತು. ಸಂಸ್ಥೆಯನ್ನು ದಡ ಸೇರಿಸಿದ ಎಂಜಿನ್ ಇದೇ ಎಂಬುದನ್ನು ಇದರ ದೋಷಗಳ ಬಗ್ಗೆ ಮಾತನಾಡುವವರು ಮರೆಯುವುದುಂಟು.

ದೋಷದ ಮೂಲ

ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ನೇರವಾಗಿ ಕ್ಯಾಮ್ ಶಾಫ್ಟುಗಳನ್ನು ತಿರುಗಿಸುವುದಿಲ್ಲ. ಅವೆರಡರ ನಡುವೆ ಒಂದು ಮಧ್ಯವರ್ತಿ ಶಾಫ್ಟ್ ಇದೆ, ಐ.ಎಂ.ಎಸ್. ಎಂಬುದು ಇದರದೇ ಸಂಕ್ಷಿಪ್ತ ಹೆಸರು. ಕ್ರ್ಯಾಂಕ್ ಶಾಫ್ಟಿನಿಂದ ಚೈನಿನ ಮೂಲಕ ಚಲನೆ ಪಡೆಯುವ ಈ ಶಾಫ್ಟ್, ಬೇರೆ ಚೈನುಗಳ ಮೂಲಕ ಎರಡೂ ಬದಿಯ ಕ್ಯಾಮ್ ಶಾಫ್ಟುಗಳಿಗೆ ಅದನ್ನು ದಾಟಿಸುತ್ತದೆ. ಹಿಂದಿನ ಗಾಳಿಯಿಂದ ತಂಪಾಗುವ 911 ಎಂಜಿನ್ನುಗಳಲ್ಲಿಯೂ ಇಂತಹ ಶಾಫ್ಟ್ ಇತ್ತು. ಆದರೆ ಅಲ್ಲಿ ಅದು ಒತ್ತಡದಿಂದ ಎಣ್ಣೆ ಹರಿದುಬರುವ ಸಾದಾ ಬೇರಿಂಗುಗಳ ಮೇಲೆ ತಿರುಗುತ್ತಿತ್ತು. ಹೊಸ ಎಂಜಿನ್ನಿನಲ್ಲಿ ಫ್ಲೈವ್ಹೀಲ್ ಬದಿಯ ತುದಿಗೆ, ಒಳಗೆ ಗ್ರೀಸ್ ತುಂಬಿ ಎರಡೂ ಪಕ್ಕ ಸೀಲ್ ಹಾಕಿದ ಬಾಲ್ ಬೇರಿಂಗನ್ನು ಅಳವಡಿಸಲಾಯಿತು.

ಸಮಸ್ಯೆ ಇರುವುದು ಇಲ್ಲಿಯೇ. ಬಿಸಿ ಎಣ್ಣೆಯ ನಡುವೆ ವರ್ಷಗಟ್ಟಲೆ ತಿರುಗುವಾಗ ಸೀಲಿನ ಅಂಚಿನಿಂದ ಎಣ್ಣೆ ಸ್ವಲ್ಪಸ್ವಲ್ಪವಾಗಿ ಒಳಸೇರಿ ಗ್ರೀಸನ್ನು ತೊಳೆದುಬಿಡುತ್ತದೆ. ಎಣ್ಣೆಯೇ ಗ್ರೀಸಿನ ಕೆಲಸ ಮಾಡೀತಲ್ಲವೇ ಎಂದು ಓದುಗರು ಕೇಳಬಹುದು. ಅದು ಹೊಸದಾಗಿ ಹರಿದುಬರುತ್ತಿದ್ದರೆ ಮಾಡುತ್ತಿತ್ತು. ಆದರೆ ರಕ್ಷಣೆಗೆಂದು ಹಾಕಿದ ಸೀಲೇ ಒಳಹೊಕ್ಕ ಎಣ್ಣೆಯನ್ನು ಹೊರಹೋಗಗೊಡುವುದಿಲ್ಲ. ತೇವಾಂಶ, ಇಂಧನದ ಅಂಶ ಮತ್ತು ಆಮ್ಲ ಬೆರೆತ ಹಳೆಯ ಎಣ್ಣೆ ಅಲ್ಲಿಯೇ ನಿಂತು ತನ್ನ ಗುಣ ಕಳೆದುಕೊಳ್ಳುತ್ತದೆ. ಗುಂಡುಗಳ ಮೇಲೆ ಕುಳಿಗಳು ಬೀಳುತ್ತವೆ, ಲೋಹದ ಚೂರುಗಳು ಏಳುತ್ತವೆ, ಶಾಫ್ಟ್ ಅಲುಗಾಡತೊಡಗುತ್ತದೆ. ಅಂತಿಮವಾಗಿ ಬೇರಿಂಗನ್ನು ಹಿಡಿದಿರುವ ನಡುವಿನ ಬೋಲ್ಟ್ ತುಂಡಾಗಿ ಚೈನಿನ ಹೊಂದಾಣಿಕೆ ತಪ್ಪಿದರೆ, ವಾಲ್ವುಗಳಿಗೆ ಪಿಸ್ಟನ್ನುಗಳು ಬಡಿದು ಎಂಜಿನ್ ಕ್ಷಣಮಾತ್ರದಲ್ಲಿ ಹಾಳಾಗುತ್ತದೆ. ಚಾಲಕನಿಗೆ ಮುನ್ಸೂಚನೆ ಸಿಗುವುದು ಅಪರೂಪ.

ಎಲ್ಲ ಕಾರುಗಳಿಗೂ ಅಪಾಯ ಒಂದೇ ಪ್ರಮಾಣದಲ್ಲಿಲ್ಲ. ಆರಂಭದ ಎಂಜಿನ್ನುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. 2000ದ ಸುಮಾರಿಗೆ ಅದರ ಬದಲು ಒಂದೇ ಸಾಲಿನ ಬೇರಿಂಗ್ ಬಂದು 2005ರವರೆಗೆ ಮುಂದುವರಿಯಿತು. ತರುವಾಯ 2008ರವರೆಗಿನ ಎಂಜಿನ್ನುಗಳಲ್ಲಿ ಗಾತ್ರದಲ್ಲಿ ದೊಡ್ಡದಾದ ಬೇರಿಂಗನ್ನು ಬಳಸಲಾಯಿತು. ಅಮೆರಿಕದ ದಾವೆಯ ಸಂದರ್ಭದಲ್ಲಿ ಬೆಳಕಿಗೆ ಬಂದುದೆಂದು ಈ ವ್ಯಾಪಾರದಲ್ಲಿ ಸಾಮಾನ್ಯವಾಗಿ ಉಲ್ಲೇಖಿಸಲಾಗುವ ಅಂಕಿಗಳ ಪ್ರಕಾರ, ವೈಫಲ್ಯದ ಪ್ರಮಾಣವು ಎರಡು ಸಾಲಿನದರಲ್ಲಿ ಶೇಕಡಾ 1ರ ಆಸುಪಾಸಿನಲ್ಲಿಯೂ ಒಂದು ಸಾಲಿನದರಲ್ಲಿ ಶೇಕಡಾ 8ರ ಆಸುಪಾಸಿನಲ್ಲಿಯೂ ಇದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಾರುಗಳು ಸುಗಮವಾಗಿ ಓಡಿವೆ ಎಂದು ಇದನ್ನು ಓದಬಹುದು. ಆದರೆ ಒಮ್ಮೆಗೇ ಇಡೀ ಎಂಜಿನ್ ನಷ್ಟವಾಗುವಂತಹ ಅಪಾಯಕ್ಕೆ ಶೇಕಡಾ 8 ಎಂಬುದು ಯಾವ ವಿಮಾದಾರನೂ ಹಗುರವಾಗಿ ಕಾಣುವ ಸಂಖ್ಯೆಯಲ್ಲ. ಅದೇ ಕಾಲದ 911 ಟರ್ಬೊ ಮತ್ತು ಜಿ.ಟಿ.-3 ಮಾದರಿಗಳಲ್ಲಿ ಬೇರೆ ವಂಶದ ಎಂಜಿನ್ ಇರುವುದರಿಂದ ಅವುಗಳಿಗೆ ಈ ದೋಷ ತಟ್ಟುವುದಿಲ್ಲ.

ಮುನ್ನೆಚ್ಚರಿಕೆಯ ಕ್ರಮಗಳು

ಮೊದಲನೆಯದು ಎಣ್ಣೆ. ತಯಾರಕರ ಕೈಪಿಡಿಯಲ್ಲಿದ್ದ ದೀರ್ಘ ಅವಧಿಯನ್ನು ಅನುಸರಿಸದೆ, 8,000ದಿಂದ 10,000 ಕಿಲೋಮೀಟರಿಗೊಮ್ಮೆ, ಅಷ್ಟು ಓಡದಿದ್ದಲ್ಲಿ ಆರು ತಿಂಗಳಿಗೊಮ್ಮೆ ಎಣ್ಣೆ ಬದಲಾಯಿಸಬೇಕೆಂಬುದು ಈ ಎಂಜಿನ್ನುಗಳಲ್ಲಿ ಪರಿಣತರಾದವರ ಸಲಹೆ. ಪ್ರತಿ ಸಲವೂ ಹಳೆಯ ಫಿಲ್ಟರನ್ನು ಎಸೆಯುವ ಮುನ್ನ ಅದರ ಮಡಿಕೆಗಳನ್ನು ಬಿಡಿಸಿ ಲೋಹದ ಕಣಗಳಿವೆಯೇ ಎಂದು ಪರೀಕ್ಷಿಸಬೇಕು. ಎಣ್ಣೆ ತೆಗೆಯುವ ತಿರುಪಿಗೆ ಅಯಸ್ಕಾಂತ ಇರುವಂಥದನ್ನು ಹಾಕಿಸಿದರೆ ಉಕ್ಕಿನ ಚೂರುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಕಬ್ಬಿಣದ ಅಂಶ ಏರುತ್ತಿದೆಯೇ ಎಂದು ನೋಡುವುದೂ ಉಪಯುಕ್ತ. ಒಂದು ವರದಿಗಿಂತ ಸತತ ಮೂರು ನಾಲ್ಕು ವರದಿಗಳ ಹೋಲಿಕೆ ಹೆಚ್ಚು ಹೇಳುತ್ತದೆ.

ಎರಡನೆಯದು ಬಳಕೆ. ಇಲ್ಲಿ ಬಳಸಿದ ಕಾರಿನ ಮಾರುಕಟ್ಟೆಯ ಸಾಮಾನ್ಯ ನಂಬಿಕೆ ತಲೆಕೆಳಗಾಗುತ್ತದೆ. ಕಡಿಮೆ ಓಡಿದ ಕಾರಿಗೆ ಹೆಚ್ಚು ಬೆಲೆ ಎಂಬುದು ಎಲ್ಲೆಡೆಯ ರೂಢಿ. ಆದರೆ ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದೆ ಹೊದಿಕೆಯಡಿ ನಿಂತ ಕಾರಿನಲ್ಲಿ ಎಣ್ಣೆ ಪೂರ್ಣ ಬಿಸಿಯಾಗುವುದಿಲ್ಲ, ಅದರಲ್ಲಿ ಸೇರಿದ ತೇವಾಂಶ ಆವಿಯಾಗುವುದಿಲ್ಲ, ಬೇರಿಂಗಿನೊಳಗಿನ ದ್ರವ ನಿಂತ ನೀರಿನಂತೆ ಕೊಳೆಯುತ್ತದೆ. ಪ್ರತಿದಿನ ಹೆದ್ದಾರಿಯಲ್ಲಿ ಓಡಿ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ, ಎಣ್ಣೆಯ ದಾಖಲೆ ಸರಿಯಾಗಿರುವ ಕಾರು ಈ ಒಂದು ವಿಷಯದಲ್ಲಿ ಅದಕ್ಕಿಂತ ನಂಬಿಕಸ್ಥವೆಂದು ಈ ಲೇಖಕನ ಅಭಿಪ್ರಾಯ. ಹೊಳಪಿಗೆ ಮಾರುಹೋಗಿ ಅಂಕಿಮೀಟರ್ ನೋಡಿ ಹೆಚ್ಚಿನ ಹಣ ತೆರುವವರು ಅಪಾಯವನ್ನೂ ಜೊತೆಗೆ ಕೊಂಡುಕೊಳ್ಳುತ್ತಿರಬಹುದು. ಚಾಲನೆಯಲ್ಲಿಯೂ ಎಂಜಿನ್ನನ್ನು ಅತಿ ಕಡಿಮೆ ವೇಗದಲ್ಲಿ ಎತ್ತರದ ಗೇರಿನಲ್ಲಿ ಎಳೆಯುವುದನ್ನು ತಪ್ಪಿಸಬೇಕು.

ಮೂರನೆಯದು ಬದಲಾವಣೆ. ಬೇರಿಂಗ್ ಇರುವ ಜಾಗವನ್ನು ತಲುಪಲು ಗೇರ್‌ಬಾಕ್ಸ್, ಕ್ಲಚ್ ಮತ್ತು ಫ್ಲೈವ್ಹೀಲ್ ಬಿಚ್ಚಲೇಬೇಕು. ಆದ್ದರಿಂದ ಕ್ಲಚ್ ಬದಲಾಯಿಸುವ ಸಮಯದಲ್ಲಿಯೇ ಇದನ್ನೂ ಮಾಡಿಸುವುದು ಮಿತವ್ಯಯದ ಮಾರ್ಗ. ಕೂಲಿಯ ಬಹುಪಾಲು ಎರಡಕ್ಕೂ ಒಂದೇ. ಸಿರಾಮಿಕ್ ಗುಂಡುಗಳ ಬೇರಿಂಗುಗಳು, ಬೇರಿಂಗಿಗೆ ಪ್ರತ್ಯೇಕವಾಗಿ ಎಣ್ಣೆ ಹರಿಸುವ ಜೋಡಣೆಗಳು, ಬಾಲ್ ಬೇರಿಂಗನ್ನೇ ತೆಗೆದು ಹಾಕಿ ಒತ್ತಡದ ಎಣ್ಣೆಯ ಮೇಲೆ ತಿರುಗುವ ಸಾದಾ ಬೇರಿಂಗ್ ಕೂರಿಸುವ ವ್ಯವಸ್ಥೆ, ಹೀಗೆ ಹಲವು ಬಗೆಯ ಸಾಮಗ್ರಿ ಅಮೆರಿಕದ ಸ್ವತಂತ್ರ ತಯಾರಕರಿಂದ ದೊರೆಯುತ್ತಿದೆ. ಇವುಗಳಲ್ಲಿ ಕೊನೆಯದು ದುಬಾರಿಯಾದರೂ ಹಳೆಯ 911 ಎಂಜಿನ್ನಿನ ತತ್ತ್ವಕ್ಕೇ ಮರಳುವಂಥದು. ಸಿರಾಮಿಕ್ ಬೇರಿಂಗಿಗೂ ಆಯುಷ್ಯದ ಮಿತಿ ಇದ್ದು, ತಯಾರಕರು ಸೂಚಿಸಿದ ಅವಧಿಗೆ ಅದನ್ನೂ ಬದಲಾಯಿಸಬೇಕಾಗುತ್ತದೆ.

ಬದಲಾವಣೆಗೆ ಮುನ್ನ ಪಾಲಿಸಲೇಬೇಕಾದ ನಿಯಮವೊಂದಿದೆ. ಎಣ್ಣೆಯಲ್ಲಾಗಲಿ ಫಿಲ್ಟರಿನಲ್ಲಾಗಲಿ ಈಗಾಗಲೇ ಲೋಹದ ಚೂರುಗಳು ಕಂಡಿದ್ದರೆ ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ. ಚೂರುಗಳು ಎಂಜಿನ್ನಿನ ಉಳಿದ ಭಾಗಗಳಿಗೆ ಆಗಲೇ ಹರಡಿರುತ್ತವೆ, ಹೊಸ ಬೇರಿಂಗನ್ನೂ ಅವು ಕೆಡಿಸುತ್ತವೆ. ಅಂತಹ ಎಂಜಿನ್ನನ್ನು ಪೂರ್ತಿ ಬಿಚ್ಚಿ ಶುಚಿಗೊಳಿಸಬೇಕು. ಹಾಗೆಯೇ, ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟುಗಳನ್ನು ಸರಿಯಾದ ಸ್ಥಾನದಲ್ಲಿ ಬಂಧಿಸದೆ ಕೆಲಸಕ್ಕೆ ಕೈಹಾಕಿದರೆ ಚೈನ್ ಜಾರಿ, ತಪ್ಪಿಸಲು ಹೊರಟ ಅನಾಹುತವನ್ನೇ ತಂದುಕೊಂಡಂತಾಗುತ್ತದೆ.

2006ರಿಂದ 2008ರವರೆಗಿನ ದೊಡ್ಡ ಬೇರಿಂಗನ್ನು ಎಂಜಿನ್ ಬಿಚ್ಚದೆ ಹೊರತೆಗೆಯಲು ಬರುವುದಿಲ್ಲ. ಅದೃಷ್ಟವಶಾತ್ ಅದು ಕೆಡುವ ಪ್ರಮಾಣವೂ ಕಡಿಮೆ. ಕ್ಲಚ್ ಕೆಲಸದ ವೇಳೆ ಅದರ ಹೊರಗಿನ ಸೀಲನ್ನು ಮಾತ್ರ ತೆಗೆದು, ಎಂಜಿನ್ ಎಣ್ಣೆ ಒಳಗೆ ಹರಿದಾಡುವಂತೆ ಮಾಡುವುದು ರೂಢಿಯಲ್ಲಿದೆ.

ಖರ್ಚು, ಕಾನೂನು, ಕಾಗದಪತ್ರ

ಅಮೆರಿಕದಲ್ಲಿ ಕ್ಲಚ್ ಸಹಿತ ಬೇರಿಂಗ್ ಬದಲಾವಣೆಗೆ ಕೆಲವು ಸಾವಿರ ಡಾಲರ್ ತಗಲಿದರೆ, ಎಂಜಿನ್ ಬದಲಾವಣೆಗೆ ಹತ್ತು ಸಾವಿರ ಡಾಲರನ್ನು ಸುಲಭವಾಗಿ ಮೀರುತ್ತದೆ. ಒಂದು ಸಾಲಿನ ಬೇರಿಂಗ್ ಇರುವ ಕಾರನ್ನು ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಮೊದಲನೆಯ ಖರ್ಚು ಸಮರ್ಥನೀಯ. ಎರಡು ಸಾಲಿನದಿದ್ದು ಕ್ಲಚ್ ಚೆನ್ನಾಗಿರುವಾಗ ಕೇವಲ ಭಯದಿಂದ ಗೇರ್‌ಬಾಕ್ಸ್ ಇಳಿಸುವ ಅಗತ್ಯ ಕಾಣದು.

ತಯಾರಕರಿಂದ ಪರಿಹಾರ ನಿರೀಕ್ಷಿಸುವ ಕಾಲ ಮುಗಿದಿದೆ. ಪೋರ್ಷೆಯ ಉತ್ತರ ಅಮೆರಿಕ ಸಂಸ್ಥೆಯ ವಿರುದ್ಧ ಮಾಲೀಕರು ಹೂಡಿದ್ದ ಸಾಮೂಹಿಕ ದಾವೆ 2013ರಲ್ಲಿ ರಾಜಿಯತ್ತ ಸಾಗಿತು. 2001ರಿಂದ 2005ರ ಮಾದರಿಗಳ ಪೈಕಿ, 2001ರ ಮೇ 4ರಿಂದ 2005ರ ಫೆಬ್ರವರಿ 21ರೊಳಗೆ ತಯಾರಾದ ಕಾರುಗಳು ಮಾತ್ರ ಅದರ ವ್ಯಾಪ್ತಿಗೆ ಬಂದವು. ಕಾರು ಬಳಕೆಗೆ ಬಂದು ಹತ್ತು ವರ್ಷ ಅಥವಾ 1,30,000 ಮೈಲಿಯ ಮಿತಿಯೂ ಇತ್ತು. ಆ ಹತ್ತು ವರ್ಷಗಳು ಎಂದೋ ಕಳೆದಿವೆ. ಇಂದು ನಷ್ಟ ಸಂಪೂರ್ಣವಾಗಿ ಮಾಲೀಕರದೇ.

ಪುರಾತನ ವಾಹನಗಳ ಹೊರತು ಮೂರು ವರ್ಷ ಮೀರಿದ ಬಳಸಿದ ಕಾರುಗಳ ಆಮದಿಗೆ ನಮ್ಮ ದೇಶದಲ್ಲಿ ನಿರ್ಬಂಧ ಇರುವುದರಿಂದ ಈ ಕಾರುಗಳು ಇಲ್ಲಿ ವಿರಳ. ಆದರೆ ಉದ್ಯೋಗನಿಮಿತ್ತ ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ, ಹೊಸ ಕಾರಿನ ಬೆಲೆಗೆ ಹೋಲಿಸಿದರೆ ಹಳೆಯ ಬಾಕ್‌ಸ್ಟರ್ ಅಗ್ಗವಾಗಿ ಕಾಣುವುದು ಸಹಜ. ಅಂಥವರು ಖರೀದಿಗೆ ಮುನ್ನ, ಈ ಎಂಜಿನ್ನನ್ನು ಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ತಪಾಸಣೆ ಮಾಡಿಸಬೇಕು. ಕಾರಿನ ವರ್ಷವನ್ನಷ್ಟೇ ನಂಬಿ ಬೇರಿಂಗಿನ ಬಗೆಯನ್ನು ಊಹಿಸಬಾರದು. ವಾರಂಟಿ ಅವಧಿಯಲ್ಲಿ ಎಂಜಿನ್ನೇ ಬದಲಾಗಿರುವ ಕಾರುಗಳೂ ಇವೆ. ಗೇರ್‌ಬಾಕ್ಸ್ ಸೇರುವೆಡೆ ಎಣ್ಣೆಯ ಜಿನುಗು ಕಂಡರೆ ಅದು ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲಿನದೋ, ಐ.ಎಂ.ಎಸ್. ಮುಚ್ಚಳದ್ದೋ ಎಂದು ಖಚಿತಪಡಿಸಿಕೊಳ್ಳಬೇಕು. ಸಿಲಿಂಡರುಗಳ ಒಳಮೈಯಲ್ಲಿ ಗೀರು ಬೀಳುವ ಮತ್ತೊಂದು ದೋಷವೂ ಈ ಎಂಜಿನ್ನುಗಳಿಗೆ ಇರುವುದರಿಂದ, ಕ್ಯಾಮೆರಾ ಇಳಿಸಿ ಅದನ್ನೂ ನೋಡಿಸುವುದು ಒಳಿತು.

ಬೇರಿಂಗ್ ಬದಲಾಗಿದೆ ಎಂದು ಮಾರುವವರು ಹೇಳಿದಲ್ಲಿ ಬಿಲ್ ಕೇಳಬೇಕು. ಅದರಲ್ಲಿ ದಿನಾಂಕ, ಆಗ ಕಾರು ಓಡಿದ್ದ ದೂರ, ಹಾಕಿದ ಬೇರಿಂಗಿನ ತಯಾರಕರ ಹೆಸರು ಹಾಗೂ ಬಗೆ ನಮೂದಾಗಿರಬೇಕು. ಬಿಲ್ ಇಲ್ಲದ ಪಕ್ಷದಲ್ಲಿ ಬೇರಿಂಗ್ ಬದಲಾಗಿಲ್ಲವೆಂದೇ ಎಣಿಸಿ ಆ ಖರ್ಚನ್ನು ಬೆಲೆಯಿಂದ ಕಳೆದು ಮಾತುಕತೆಗೆ ಕೂರುವುದು ಅಲ್ಲಿನ ಅನುಭವಿ ವರ್ತಕರ ಪದ್ಧತಿ.