ಮರೆವು ಬರುವ ಮೊದಲೇ ಫೈಲು ತೆರೆಯೋಣ

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಹಿರಿಯರ ಮರೆವು ಮೊದಲು ಕಾಣುವುದು ಸಹಿಯಲ್ಲಿ. ಮಾಟುಂಗದ ಓರ್ವ ಪಿಂಚಣಿದಾರರು ಇಪ್ಪತ್ತು ವರ್ಷಗಳಿಂದ ನನಗೆ ಪರಿಚಿತರು. ಒಂದು ದಿನ ಸ್ಲಿಪ್ ಹಿಡಿದುಕೊಂಡು, "ಇದರಲ್ಲಿ ನಾನು ಏನು ಬರೆಯುವುದು ಮಾರಾಯಾ?" ಎಂದು ಕೇಳಿದರು. ಜತೆಗಿದ್ದ ಮಗ ತಲೆ ತಗ್ಗಿಸಿದ. ಬಳಿಕ ಮೆಲ್ಲಗೆ, "ಅಂಕಲ್, ಅಪ್ಪನಿಗೆ ಮೆಡಿಕ್ಲೈಮ್ ಉಂಟು. ಆಯಾಳ ಸಂಬಳ ಅದರಲ್ಲಿ ಸಿಗುತ್ತದೆಯೇ?" ಎಂದ.

ಸಿಗುವುದಿಲ್ಲ. ನಮ್ಮವರಲ್ಲಿ ಹೆಚ್ಚಿನವರಿಗೆ ಇದು ತಿಳಿಯುವುದು ಕ್ಲೈಮ್ ವಾಪಸು ಬಂದ ಮೇಲೆಯೇ. ಸಾಮಾನ್ಯ ಪಾಲಿಸಿಗಳಲ್ಲಿ 'ರೆಸ್ಟ್ ಕ್ಯೂರ್, ರಿಹ್ಯಾಬಿಲಿಟೇಶನ್, ರೆಸ್ಪೈಟ್ ಕೇರ್' ಹೊರಗಿಟ್ಟ ಖರ್ಚುಗಳು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ನಡೆದಾಡಿಸುವುದು ಈ ಸಾಲಿಗೆ ಸೇರುತ್ತವೆ. ಮನೆಯಲ್ಲಾಗಲಿ, ಆರೈಕೆ ಕೇಂದ್ರದಲ್ಲಾಗಲಿ, ನರ್ಸ್ ಮಾಡಿದರೂ ಆಯಾ ಮಾಡಿದರೂ ನಿಯಮ ಒಂದೇ. ಅದೇ ಹಿರಿಯರು ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದರೆ, ಷರತ್ತಿನಂತೆ ಹಣ ಸಿಗುತ್ತದೆ.

2024ರ ಅಕ್ಟೋಬರ್ 29ರಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಕಾರ್ಡು ಸೌಲಭ್ಯವಿದೆ. ಕುಟುಂಬದ ಹಿರಿಯರಿಗೆ ವರ್ಷಕ್ಕೆ ಒಟ್ಟು 5 ಲಕ್ಷ ರೂ.ವರೆಗೆ ಚಿಕಿತ್ಸೆ. ಇದೂ ಯೋಜನೆಗೆ ಒಳಪಟ್ಟ ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ. ಹಳೆಯ ಪಾಲಿಸಿ ಇದ್ದವರು ಅದನ್ನು ತಪ್ಪಿಯೂ ಲ್ಯಾಪ್ಸ್ ಆಗಲು ಬಿಡಬಾರದು. ರೋಗ ಪತ್ತೆಯಾದ ಬಳಿಕ ಹೊಸದು ಸಿಗುವುದು ಕಷ್ಟ.

ಹಾಗಾದರೆ ದಾರಿ ಯಾವುದು? ಮೊದಲು ಪರೇಲಿನ ಕೆ.ಇ.ಎಂ. ಅಥವಾ ಸಯನ್ ಆಸ್ಪತ್ರೆಯಂಥಲ್ಲಿ ನರರೋಗ ತಜ್ಞರಿಗೆ ತೋರಿಸಿ. ಬಿ-12 ಕೊರತೆ, ಥೈರಾಯಿಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧ ಉಂಟು. ಆಮೇಲಿನ ಆಯ್ಕೆಗಳು: ಬ್ಯೂರೋದಿಂದ 12 ಅಥವಾ 24 ತಾಸಿನ ಆಯಾ, ಹಗಲು ಆರೈಕೆ ಕೇಂದ್ರ, ಇಲ್ಲವೇ ಅಲ್ಲೇ ಉಳಿಯುವ ಡಿಮೆನ್ಶಿಯಾ ಕೇಂದ್ರ. ಮುಂಬಯಿಯಲ್ಲಿ 'ನರ್ಸಿಂಗ್ ಹೋಮ್' ಎಂದರೆ ಸಣ್ಣ ಆಸ್ಪತ್ರೆ, ಹಿರಿಯರು ಕಾಯಂ ಉಳಿಯುವ ಜಾಗವಲ್ಲ. ಕೇಂದ್ರಕ್ಕೆ ಹೋದಾಗ ರಾತ್ರಿ ಎಷ್ಟು ಸಿಬ್ಬಂದಿ, ಡಿಪಾಸಿಟ್ ವಾಪಸು ಹೇಗೆ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂದು ಕೇಳಿ, ಬರಹದಲ್ಲೇ ಪಡೆಯಿರಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಉಚಿತ.

ಖರ್ಚೆಲ್ಲ ಮನೆಯ ಉಳಿತಾಯದಿಂದಲೇ ಎಂದಾದ ಮೇಲೆ ಆ ಹಣ ಕೈಗೆ ಸಿಗಬೇಕಲ್ಲ? ಆ ಹಿರಿಯರ ಎಫ್.ಡಿ.ಗಳೆಲ್ಲ ಒಂಟಿ ಹೆಸರಿನಲ್ಲಿದ್ದವು. ಅರಿವು ಹೋದ ಮೇಲೆ ಸಾಮಾನ್ಯ ಪವರ್ ಆಫ್ ಅಟಾರ್ನಿಯೂ ಕಾನೂನಿನಲ್ಲಿ ನಿಲ್ಲದು. ನಾಮಿನಿಗೆ ಹಣ ಬರುವುದು ಖಾತೆದಾರರ ಮರಣಾನಂತರವೇ. ಮಗ ಈಗ ಪಾಲಕನಾಗಿ ನೇಮಕಗೊಳ್ಳಲು ಕೋರ್ಟಿಗೆ ಅಲೆಯುತ್ತಿದ್ದಾನೆ. ಅಪ್ಪನ ಹಣ ಬ್ಯಾಂಕಿನಲ್ಲೇ ಇದೆ, ಆಯಾಳ ಸಂಬಳಕ್ಕೆ ಮಗನ ಸಾಲ.

ಎರಡು ವರ್ಷ ಮೊದಲು, ನಂಬಿಕೆಯವರೊಬ್ಬರ ಹೆಸರು ಸೇರಿಸಿ 'ಐದರ್ ಆರ್ ಸರ್ವೈವರ್' ಮಾಡಿದ್ದರೆ ಒಂದು ಫಾರ್ಮಿನಲ್ಲಿ ಮುಗಿಯುತ್ತಿತ್ತು. ಈ ಭಾನುವಾರ ಅಪ್ಪ-ಅಮ್ಮನ ಜತೆ ಕುಳಿತು ಫೈಲು ತೆರೆಯಿರಿ. ಅವರಿಗೆ ಎಲ್ಲವೂ ನೆನಪಿರುವಾಗಲೇ, ಅವರ ಇಷ್ಟವನ್ನು ಕೇಳಿಯೇ.