ಬಂಟ್ವಾಳದ ಕಾರಿಗೆ ಕಾಠ್ಮಂಡುವಿನ ಚಳಿ

ಅಮ್ಮನಿಗೆ ಪಶುಪತಿನಾಥನನ್ನು ನೋಡುವ ಆಸೆ. ಅಲ್ಲಿ ಪೂಜೆ ಮಾಡುವ ಭಟ್ಟರಲ್ಲಿ ನಮ್ಮ ಕರ್ನಾಟಕದವರೂ ಇದ್ದಾರೆಂದು ತಿಳಿದ ಮೇಲೆ ಅದು ಹಠವೇ ಆಯಿತು. ವಿಮಾನವೆಂದರೆ ಅವರಿಗೆ ಭಯ. ಹಾಗಾಗಿ ಜನವರಿಯಲ್ಲಿ ಬಂಟ್ವಾಳದಿಂದ ನೇಪಾಳಕ್ಕೆ ಕಾರಿನಲ್ಲೇ ಹೋಗುವುದೆಂದು ಅಪ್ಪ ನಿರ್ಧರಿಸಿದರು. ಮೆಕ್ಯಾನಿಕಲ್ ಓದುವ ಮಗನಿದ್ದಾನಲ್ಲ, ಕಾರಿನ ಹೊಣೆ ನನ್ನದು!

ಕರಾವಳಿಯ ಕಾರಿಗೆ ಚಳಿ ಗೊತ್ತಿಲ್ಲ. ಇಲ್ಲಿ ರೇಡಿಯೇಟರ್‌ಗೆ ಬರೀ ನೀರು ತುಂಬಿ ಓಡಿಸುವವರಿದ್ದಾರೆ. ಆದರೆ ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಸೀಳಬಹುದು. ಮೂಡುಬಿದಿರೆಯ ಗ್ಯಾರೇಜಿನಲ್ಲಿ ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ಕೂಲೆಂಟ್ ಹಾಕಿಸಿದೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಹಳೆಯದನ್ನು ಬದಲಾಯಿಸಿದ್ದಾಯಿತು. 30 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟಯರ್, 5 ಡಿಗ್ರಿಯಲ್ಲಿ ಸುಮಾರು 29ಕ್ಕೆ ಇಳಿಯುತ್ತದೆ. ಪಿಯುಸಿಯಲ್ಲಿ ಉರು ಹೊಡೆದ ಗ್ಯಾಸ್ ಲಾ ಕೊನೆಗೂ ಕೆಲಸಕ್ಕೆ ಬಂತು!

ಬೆಳ್ತಂಗಡಿ ದಾಟಿ, ಚಾರ್ಮಾಡಿ ಘಾಟಿಯ ಮುಂಜಾನೆಯ ಮಂಜಿನಲ್ಲಿ ಫಾಗ್ ಲ್ಯಾಂಪ್, ಡಿಫಾಗರ್, ಬ್ರೇಕ್ ಪರೀಕ್ಷಿಸಿದೆವು.

ಇನ್ನು ಕಾಗದಪತ್ರ. ಗಡಿಯಲ್ಲಿ ಆರ್‌ಸಿ, ಲೈಸೆನ್ಸ್ ತೋರಿಸಿ ‘ಭನ್ಸಾರ್’ ಶುಲ್ಕ ಕಟ್ಟಬೇಕು. ನಮ್ಮ ಸಾಮಾನ್ಯ ವಿಮೆ ಭಾರತದ ಗಡಿಗೇ ಮುಗಿಯುತ್ತದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ನೇಪಾಳಕ್ಕೂ ವಿಸ್ತರಿಸಿಕೊಳ್ಳಬೇಕು. ಇದು ಹಲವರಿಗೆ ಗೊತ್ತೇ ಇರುವುದಿಲ್ಲ.

ಉತ್ತರ ಪ್ರದೇಶದ ಜನವರಿ ಮಂಜಿಗೆ ಮಾತ್ರ ಯಾವ ಗ್ಯಾರೇಜಿನಲ್ಲೂ ಮದ್ದಿಲ್ಲ. ಎಷ್ಟೇ ತಡವಾದರೂ ರಾತ್ರಿ ಓಡಿಸುವುದಿಲ್ಲವೆಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದೇನೆ. ಹಿಂದಿನ ಸೀಟಿನಲ್ಲಿ ಅಮ್ಮ ಇರುತ್ತಾರಲ್ಲ.