ಹೊಳೆಯ ಕೊಳೆ ಕೆರೆಯಲ್ಲಿ ಉಳಿಯುತ್ತೆ

ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿಸುವ ಆ 'ಮೋರಿ' ಇದೆಯಲ್ಲ, ಅದು ವೃಷಭಾವತಿ ನದಿ. ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಎಲ್ಲ ಹೊತ್ತು ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತೆ. 1940ರ ದಶಕದಲ್ಲಿ ನೀರಾವರಿಗೆ ಅಂತ ಕಟ್ಟಿದ ಕೆರೆ ಅದು.

ಹರಿಯುವ ನೀರು ಗಾಳಿಯಿಂದ ಸ್ವಲ್ಪ ಆಕ್ಸಿಜನ್ ಎಳೆದುಕೊಳ್ಳುತ್ತೆ, ಕೊಳೆಯನ್ನು ಮುಂದಕ್ಕೆ ತಳ್ಳುತ್ತೆ. ಕೆರೆಗೆ ಬಂದ ಕೂಡಲೇ ವೇಗ ಕಮ್ಮಿ. ತೇಲುತ್ತಿದ್ದ ಕಣಗಳು ತಳಕ್ಕಿಳಿಯುತ್ತವೆ. ಅವಕ್ಕೆ ಅಂಟಿದ ಫಾಸ್ಫರಸ್, ಭಾರಲೋಹಗಳೂ ಇಳಿಯುತ್ತವೆ. ನೀರಲ್ಲಿ ಕರಗಿ ಉಳಿದ ಸಾರಜನಕ, ಫಾಸ್ಫರಸ್ ಪಾಚಿಗೆ, ಅಂತರಗಂಗೆಗೆ ಒಳ್ಳೇ ಗೊಬ್ಬರ. ಅವು ಬೆಳೆದು, ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಇದ್ದಬದ್ದ ಆಕ್ಸಿಜನ್ ಖಾಲಿ ಮಾಡ್ತವೆ. ಮೀನು ಉಸಿರಾಡೋದು ಹೇಗೆ?

ಆದ್ರೆ ನಿಜವಾದ ತಲೆನೋವು ತಳದ ಕೆಸರು. ಆಕ್ಸಿಜನ್ ಇರುವವರೆಗೆ ಫಾಸ್ಫೇಟ್ ಕಬ್ಬಿಣಕ್ಕೆ ಅಂಟಿಕೊಂಡು ಕೆಸರಲ್ಲೇ ಇರುತ್ತೆ. ಆಕ್ಸಿಜನ್ ಮುಗಿದರೆ ಫೆರಿಕ್ ಕಬ್ಬಿಣ ಫೆರಸ್ ಆಗುತ್ತೆ (ಕೆಮಿಸ್ಟ್ರಿ ಪೇಪರಿನಾಚೆ ಇದು ಎಲ್ಲೂ ಬರಲ್ಲ ಅಂದುಕೊಂಡವರು ಗಮನಿಸಿ), ಹಿಡಿದಿಟ್ಟ ಫಾಸ್ಫೇಟ್ ವಾಪಸ್ ನೀರಿಗೆ. ಮತ್ತೆ ಪಾಚಿ, ಮತ್ತೆ ಅದೇ ಚಕ್ರ. ಹಾಗಾಗಿ ನಾಳೆಯೇ ನದಿ ಶುದ್ಧವಾದರೂ ಕೆರೆ ಸುಧಾರಿಸೋಕೆ ವರ್ಷಗಳೇ ಹಿಡಿಯಬಹುದು. ಹೂಳು ತೆಗೆದರೆ ಆಯ್ತಲ್ಲ ಅನ್ನಬಹುದು. ಭಾರಲೋಹ ತುಂಬಿದ ಆ ಹೂಳನ್ನು ಯಾರ ಹೊಲಕ್ಕೆ ಹಾಕೋದು?

ನದಿಯನ್ನು ಕೆರೆ ಪಕ್ಕದ ಕಾಲುವೆಗೆ ತಿರುಗಿಸಿದರೂ ಕೊಳೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಹೋಗುತ್ತೆ. ಊರಲ್ಲೇ ಸಂಸ್ಕರಿಸಬೇಕು. ಅದೂ ಬರೀ ಬಿಒಡಿ ಇಳಿಸಿದರೆ ಸಾಲದು, ಫಾಸ್ಫರಸ್ ತೆಗೆಯೋಕೆ ಎಸ್‌ಟಿಪಿಯಲ್ಲಿ ಬೇರೆಯೇ ವ್ಯವಸ್ಥೆ ಬೇಕು.